ತೀರ್ಮಾನ ಆಗಬೇಕಾದದ್ದು ರ‍್ಯಾಕಿನ ಮುಂದೆ, ಕಸದ ಡಬ್ಬಿಯ ಮುಂದಲ್ಲ: ಅಂಗಡಿ ನಡೆಸುವವರಿಗೊಂದು ಬಹಿರಂಗ ಪತ್ರ

ಸೂಪರ್ ಮಾರ್ಕೆಟ್, ದಿನಸಿ ಮಳಿಗೆ, ಬೇಕರಿಗಳ ಮಾಲೀಕರಿಗೆ, ಮ್ಯಾನೇಜರುಗಳಿಗೆ, ಹಾಗೂ ಅವರಿಗೆಲ್ಲ ನಿಯಮ ಬರೆಯುವ ಅಧಿಕಾರಿಗಳಿಗೆ,

ಮಾನ್ಯರೇ,

ಎಕ್ಸ್‌ಪೈರಿ ಹತ್ತಿರ ಬಂದ ಪದಾರ್ಥವನ್ನು ಏನು ಮಾಡುವುದು ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಹೆಚ್ಚಾಗಿ ಬಾಗಿಲು ಹಾಕುವ ಹೊತ್ತಿಗೆ, ಹಿತ್ತಿಲ ಕಡೆ, ಕಸದ ಡಬ್ಬಿಯ ಪಕ್ಕದಲ್ಲಿ. ಆ ಹೊತ್ತಿಗೆ ಯಾವ ಉತ್ತರ ಕೊಟ್ಟರೂ ಅರ್ಧ ತಪ್ಪಾಗುತ್ತದೆ. ಎಸೆದರೆ ತಿನ್ನಲು ಯೋಗ್ಯವಾದದ್ದೂ ಹೋಗುತ್ತದೆ, ಕೊಟ್ಟರೆ ಕೊಡಬಾರದ್ದೂ ಜೊತೆಗೆ ಸೇರಿಕೊಳ್ಳುತ್ತದೆ. ಉಳಿದ ಆಹಾರವನ್ನು ಅಂಗಡಿಗಳಿಂದ ಪಡೆದು ಹಂಚುವ ಕೆಲಸದಲ್ಲಿರುವ ನಮ್ಮ ಮಾತು ಇಷ್ಟೇ: ಕೊಡುವುದೋ ಎಸೆಯುವುದೋ ಎಂಬುದು ಸರಕು ಇನ್ನೂ ಮಾರಾಟದ ರ‍್ಯಾಕಿನಲ್ಲಿರುವಾಗಲೇ ತೀರ್ಮಾನವಾಗಬೇಕು. ಹಾಗಾದರೆ ಕೊಡುವುದು ಸುರಕ್ಷಿತ, ಸುಲಭ. ತಡವಾದರೆ ಎರಡೂ ಅಲ್ಲ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಸಿಪ್ಪೆ, ಮೂಳೆಯಂಥ ತಿನ್ನಲಾಗದ ಭಾಗವೂ ಇದರಲ್ಲಿ ಸೇರಿದೆ. ಶೇ 60ರಷ್ಟು ಮನೆಗಳಿಂದ, ಶೇ 28ರಷ್ಟು ಹೋಟೆಲು–ಕ್ಯಾಂಟೀನುಗಳಿಂದ, ಶೇ 12ರಷ್ಟು ಅಂಗಡಿಗಳಿಂದ. ನಿಮ್ಮ ಪಾಲೇ ಎಲ್ಲರಿಗಿಂತ ಕಡಿಮೆ, ಒಪ್ಪೋಣ. ಆದರೆ ಆ ಪಾಲು, ಅಂದರೆ ಸುಮಾರು 13 ಕೋಟಿ ಟನ್, ಹೆಚ್ಚಾಗಿ ಪ್ಯಾಕ್ ಆಗಿದೆ, ಲೇಬಲ್ ಹೊತ್ತಿದೆ, ಒಂದೇ ಕಡೆ ರಾಶಿಯಾಗಿ ಸಿಗುತ್ತದೆ. ಸಾವಿರ ಮನೆಗಳ ತಟ್ಟೆಯಲ್ಲಿ ಉಳಿದ ಅನ್ನವನ್ನು ಯಾರೂ ಒಟ್ಟುಮಾಡಲಾಗದು. ನಿಮ್ಮ ಕೋಲ್ಡ್ ರೂಮಿನ ಎಂಟು ಕ್ರೇಟುಗಳನ್ನು ಒಂದು ವ್ಯಾನ್ ಬಂದು ಒಯ್ಯಬಹುದು.

ಮೊದಲು ದಿನಾಂಕದ ವಿಷಯ. ಪ್ಯಾಕಿನ ಮೇಲೆ ಅಚ್ಚಾಗುವ ದಿನಾಂಕಗಳೆಲ್ಲ ಒಂದೇ ಜಾತಿಯವಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ 2018ರಲ್ಲಿ ತನ್ನ ಲೇಬಲ್ ನಿಯಮವನ್ನು ಪರಿಷ್ಕರಿಸಿ ಎರಡನ್ನು ಸ್ಪಷ್ಟವಾಗಿ ಬೇರ್ಪಡಿಸಿತು. 'ಬೆಸ್ಟ್ ಬಿಫೋರ್' ಗುಣಮಟ್ಟದ ದಿನಾಂಕ. ಅದು ಕಳೆದರೆ ಬಿಸ್ಕತ್ತಿನ ಗರಿಗರಿ, ಕಾಫಿಪುಡಿಯ ಘಮ ತಗ್ಗಬಹುದು, ಅಷ್ಟೇ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಸುರಕ್ಷತೆಯ ದಿನಾಂಕ. ಆ ದಿನದ ಮಧ್ಯರಾತ್ರಿ ಕಳೆದ ಪದಾರ್ಥ ದಾನಕ್ಕೂ ಅಲ್ಲ, ಅರ್ಧ ಬೆಲೆಗೂ ಅಲ್ಲ, ಮನೆಗೆ ಒಯ್ಯಿರಿ ಎಂದು ಸ್ಟಾಫಿನ ಕೈಗಿಡುವುದಕ್ಕೂ ಅಲ್ಲ. ಕೆಲವು ಕಡೆ ಕಾಣುವ 'ಸೆಲ್ ಬೈ' ಅಂಗಡಿಯವರು ಸ್ಟಾಕ್ ತಿರುಗಿಸಲು ಇಟ್ಟುಕೊಂಡ ಗುರುತು, ತಿನ್ನುವವರಿಗೆ ಸಂಬಂಧಿಸಿದ್ದಲ್ಲ. ಲೇಬಲ್ಲಿನಲ್ಲಿ ಬರೀ ದಿನಾಂಕವಿದ್ದು ಅದು ಯಾವುದೆಂದು ಬರೆದಿಲ್ಲದಿದ್ದರೆ ಸುರಕ್ಷತೆಯ ದಿನಾಂಕವೆಂದೇ ತಿಳಿಯಿರಿ. ದಿನ–ತಿಂಗಳು ಅದಲುಬದಲಾಗುವ ತೊಂದರೆಯೂ ಇದೆ. 05/06 ಎಂದರೆ ಜೂನ್ ಐದೋ ಮೇ ಆರೋ ಎಂಬುದು ತಯಾರಾದ ದೇಶದ ಮೇಲೆ ನಿಂತಿರುತ್ತದೆ. ಆಮದು ಸರಕಿನಲ್ಲಿ ಇದು ಖಚಿತವಾಗದಿದ್ದರೆ ಎರಡರಲ್ಲಿ ಮೊದಲು ಬರುವ ದಿನವನ್ನೇ ಹಿಡಿಯಿರಿ.

"ಮೂಸಿ ನೋಡಿದೆವು, ಚೆನ್ನಾಗಿಯೇ ಇದೆ" ಎಂಬ ಮಾತು ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಅಕ್ಕಿ, ಬೇಳೆ, ಎಣ್ಣೆಯ ವಿಷಯದಲ್ಲಿ ಮೂಗು ಒಳ್ಳೆಯ ಸಾಕ್ಷಿ. ಫ್ರಿಜ್ಜಿನ ಪದಾರ್ಥಕ್ಕೆ ಅದು ಸಾಕ್ಷಿಯೇ ಅಲ್ಲ. ಹಾಲು ಒಡೆಯುವಂತೆ, ಮಾಂಸ ನಾರುವಂತೆ ಮಾಡುವ ಸೂಕ್ಷ್ಮಜೀವಿಗಳು ಬೇರೆ, ಮನುಷ್ಯನನ್ನು ಆಸ್ಪತ್ರೆಗೆ ಸೇರಿಸುವವು ಬೇರೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ವಾಸನೆ ಬದಲಿಸುವುದಿಲ್ಲ, ಬಣ್ಣ ಕೆಡಿಸುವುದಿಲ್ಲ. ಅದು ಹೆಚ್ಚು ಕಾಡುವುದು ಗರ್ಭಿಣಿಯರನ್ನು, ವೃದ್ಧರನ್ನು, ರೋಗನಿರೋಧಕ ಶಕ್ತಿ ಕುಗ್ಗಿದವರನ್ನು. ದಾನದ ಊಟದ ಸಾಲಿನಲ್ಲಿ ಇವರೇ ಹೆಚ್ಚಾಗಿರುತ್ತಾರೆ ಎಂಬುದನ್ನು ಮರೆಯಬಾರದು. "ಚೆನ್ನಾಗಿ ಕುದಿಸಿಬಿಟ್ಟರೆ ಆಯಿತಲ್ಲ" ಎನ್ನುವವರಿಗೂ ಉತ್ತರವಿದೆ. ಸ್ಟೆಫಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಬಿಟ್ಟುಹೋದ ವಿಷ ಕುದಿಸಿದರೂ ಉಳಿಯುತ್ತದೆ. ಬೇಯಿಸಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಾಂತಿ ತರಿಸುವ ವಿಷವೂ ಹಾಗೆಯೇ. ಕೆಲವು ಜಾತಿಯ ಮೀನು ಬೆಚ್ಚಗಾದಾಗ ಹುಟ್ಟುವ, ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಬೇಯಿಸಿದರೂ ಹೋಗದು, ಫ್ರೀಜ್ ಮಾಡಿದರೂ ಹೋಗದು.

ಇನ್ನು ಬೆಸ್ಟ್ ಬಿಫೋರ್ ಕಳೆದ ಸರಕು. ಇದನ್ನು ಎಸೆಯಲೇಬೇಕು ಎಂದು ನಂಬಿರುವ ಅಂಗಡಿಗಳೇ ಜಾಸ್ತಿ. ಇಟಲಿ 2016ರ ತನ್ನ ಕಾನೂನಿನಲ್ಲಿ ಈ ಗೊಂದಲವನ್ನು ನೇರವಾಗಿಯೇ ಬಿಡಿಸಿತು: ಒಳಪ್ಯಾಕಿಂಗ್ ಭದ್ರವಾಗಿದ್ದು, ಸಂಗ್ರಹಿಸಿದ ರೀತಿ ಸರಿಯಾಗಿದ್ದರೆ ಗುಣಮಟ್ಟದ ದಿನಾಂಕ ಕಳೆದದ್ದನ್ನೂ ದಾನ ಕೊಡಬಹುದು. ಆ ಎರಡು ಷರತ್ತು ಎಲ್ಲಿಗೂ ಸಲ್ಲುತ್ತವೆ. ನಿಮ್ಮ ಕಾನೂನು ಇದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಸರಕನ್ನು ನೋಡಿ. ಉಪ್ಪು, ಸಕ್ಕರೆ, ವಿನೆಗರ್‌ಗೆ ದಿನಾಂಕವೇ ಬೇಡವೆಂದು ಕೋಡೆಕ್ಸ್ ಹೇಳುತ್ತದೆ. ತೇವ ತಾಗದಿದ್ದರೆ ಅವು ಕೆಡುವುದಿಲ್ಲ. ಬಿಳಿ ಅಕ್ಕಿ, ಪಾಸ್ತಾ, ಬೇಳೆ ದಿನಾಂಕ ಕಳೆದ ಮೇಲೂ ತಿಂಗಳುಗಟ್ಟಲೆ ಬಾಳುತ್ತವೆ, ಹುಳು ಮತ್ತು ತೇವವನ್ನಷ್ಟೇ ನೋಡಬೇಕು. ಇಡೀ ಗೋಧಿಯ ಹಿಟ್ಟು ಹಾಗಲ್ಲ. ಮೊಳಕೆಯ ಭಾಗದ ಎಣ್ಣೆಯಿಂದಾಗಿ ಮೈದಾಕ್ಕಿಂತ ಬೇಗ ಕಮಟು ಹಿಡಿಯುತ್ತದೆ. ಕಡಲೆಬೀಜ, ಗೋಡಂಬಿ, ಎಣ್ಣೆಯಲ್ಲಿ ಕರಿದ ತಿಂಡಿಗಳೂ ಅದೇ ಗುಂಪಿಗೆ ಸೇರಿದವು.

ಆಹಾರ ತುಂಬಿ ಮುಚ್ಚಿದ ತಗಡಿನ ಡಬ್ಬಿಗಳಿಗೆ ತುಸು ಹೆಚ್ಚು ಗಮನ ಬೇಕು. ಹೊಟ್ಟೆಯ ಭಾಗದಲ್ಲಿ ಬೆರಳಾಡಿಸಿದರೆ ಮೆತ್ತಗೆ ಜಾರುವ ಸಣ್ಣ ತಗ್ಗು ಇದ್ದರೆ ತೊಂದರೆಯಿಲ್ಲ. ಮೇಲಿನ, ಕೆಳಗಿನ ಅಂಚಿನ ಮಡಿಕೆಯ ಮೇಲೋ ಪಕ್ಕದ ಬೆಸುಗೆಯ ಮೇಲೋ ತಗ್ಗಿದ್ದರೆ ಬೇಡ, ಏಕೆಂದರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಗಾಳಿ, ಸೂಕ್ಷ್ಮಜೀವಿ ಒಳಹೊಕ್ಕಿರಬಹುದು. ಉಬ್ಬಿದ್ದು, ಸೋರಿದ್ದು, ಒರೆಸಿದರೂ ಹೋಗದ ತುಕ್ಕು ಹಿಡಿದದ್ದು ನೇರ ಕಸಕ್ಕೆ. ಉಬ್ಬಿದ ಡಬ್ಬಿಯನ್ನು ತೆರೆದು ರುಚಿ ನೋಡುವ ಸಾಹಸ ಬೇಡ. ನರಗಳನ್ನು ನಿಷ್ಕ್ರಿಯಗೊಳಿಸುವ ಬಾಟುಲಿಸಂ ಎಂಬ ಕಾಯಿಲೆ ತರುವ ವಿಷ ಅತ್ಯಲ್ಪ ಪ್ರಮಾಣದಲ್ಲೂ ಪ್ರಾಣಕ್ಕೆ ಅಪಾಯ. ಟೊಮೆಟೊ, ಅನಾನಸಿನಂಥ ಹುಳಿ ಪದಾರ್ಥದ ಡಬ್ಬಿಯ ಗುಣಮಟ್ಟ ವರ್ಷ, ಒಂದೂವರೆ ವರ್ಷದವರೆಗೆ. ಕಾಳು, ಮಾಂಸ, ಮೀನಿನಂಥ ಹುಳಿ ಕಡಿಮೆಯ ಡಬ್ಬಿ ಎರಡರಿಂದ ಐದು ವರ್ಷ ಬಾಳುತ್ತದೆ. ಹಸುಗೂಸುಗಳ ಹಾಲಿನ ಪುಡಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ದಿನಾಂಕ ಕಳೆದರೆ ಅದರ ಪೋಷಕಾಂಶ ಲೇಬಲ್ಲಿನಲ್ಲಿ ಬರೆದಷ್ಟು ಉಳಿದಿರುತ್ತದೆಂಬ ಖಾತರಿಯಿಲ್ಲ, ಮಗುವಿಗೆ ಬೇರೆ ಆಹಾರವೂ ಇರುವುದಿಲ್ಲ. ಬ್ರೆಡ್ಡಿನ ಒಂದು ಮೂಲೆಯಲ್ಲಿ ಬೂಷ್ಟು ಕಂಡರೂ ಇಡೀ ಪ್ಯಾಕ್ ಬಿಡಿ. ಎಳೆಗಳು ಕಾಣುವ ಜಾಗಕ್ಕಿಂತ ಆಳಕ್ಕೆ ಹೋಗಿರುತ್ತವೆ.

ಈಗ ಅಂಗಡಿಯೊಳಗಿನ ಕ್ರಮಕ್ಕೆ ಬರೋಣ. ಮೊದಲು ಬಂದದ್ದು ಮೊದಲು ಹೋಗಲಿ ಎಂಬ ಹಳೆಯ ಪದ್ಧತಿ ಸಾಲದು. ಇಂದು ಬಂದ ಲೋಡಿನ ಎಕ್ಸ್‌ಪೈರಿ ಹೋದ ವಾರ ಬಂದದ್ದಕ್ಕಿಂತ ಮೊದಲಿರುವುದು ಅಪರೂಪವಲ್ಲ. ಮೊದಲು ಮುಗಿಯುವುದು ಮುಂದಿನ ಸಾಲಿಗೆ ಬರಬೇಕು. ಹಾಲು, ಚೀಸ್, ಮಾಂಸ, ಕತ್ತರಿಸಿ ಪ್ಯಾಕ್ ಮಾಡಿದ ತರಕಾರಿಯ ದಿನಾಂಕವನ್ನು ದಿನಾ ಬೆಳಿಗ್ಗೆ ನೋಡಬೇಕು. ಒಣ ಸರಕಿಗೆ ವಾರಕ್ಕೊಮ್ಮೆ ಸಾಕು, ಆದರೆ ಯಾವ ವಾರ ಯಾವ ರ‍್ಯಾಕ್ ಎಂಬುದು ಬರೆದಿಟ್ಟಿರಬೇಕು. ಬರೆದಿಡದಿದ್ದರೆ ಕಣ್ಣೆತ್ತರದ ಸಾಲನ್ನೇ ಎಲ್ಲರೂ ನೋಡುತ್ತಾರೆ, ಕೆಳಗಿನ ಸಾಲಿನ ಹಿಂಬದಿಯಲ್ಲಿ ಡಬ್ಬಿಗಳು ಸದ್ದಿಲ್ಲದೆ ಅವಧಿ ಮುಗಿಸುತ್ತವೆ.

ಒಂದು ಉದಾಹರಣೆ. ಯೂಸ್ ಬೈ 20ನೇ ತಾರೀಖು ಇರುವ ಮೊಸರಿನ ಕಪ್ಪುಗಳಿವೆ ಎನ್ನಿ. 17ರ ಬೆಳಿಗ್ಗೆ ರಿಯಾಯಿತಿ ಸ್ಟಿಕರ್ ಬೀಳಬೇಕು. 19ರ ಬೆಳಿಗ್ಗೆ ಉಳಿದದ್ದು ರ‍್ಯಾಕಿನಿಂದ ಇಳಿದು ಕೋಲ್ಡ್ ರೂಮಿನಲ್ಲಿ ದಾನಕ್ಕೆಂದೇ ಗುರುತಿಟ್ಟ ಕ್ರೇಟಿಗೆ ಹೋಗಬೇಕು. ಮಧ್ಯಾಹ್ನದೊಳಗೆ ವ್ಯಾನ್ ಬರಬೇಕು. ಪಡೆದವರಿಗೆ ಆಗ 19ರ ಸಂಜೆ ಮತ್ತು 20ರ ಇಡೀ ದಿನ ಸಿಗುತ್ತದೆ. ಬಡಿಸಬಹುದು, ಅಡುಗೆಗೆ ಬಳಸಬಹುದು. ಅದೇ ಕಪ್ಪುಗಳನ್ನು 20ರ ರಾತ್ರಿ ಎಂಟರವರೆಗೂ ಮಾರಾಟಕ್ಕಿಟ್ಟು ಆಮೇಲೆ ಫೋನ್ ಮಾಡಿದರೆ ಉಳಿಯುವುದು ನಾಲ್ಕು ಗಂಟೆ. ನಾಲ್ಕು ಗಂಟೆಯಲ್ಲಿ ನೂರು ಕಪ್ ಯಾರಿಗೆ ಹಂಚಲಾದೀತು? ಕೊನೆಯ ಒಂದೂವರೆ ದಿನದಲ್ಲಿ ಆ ಕಪ್ಪುಗಳಿಂದ ನಿಮಗೆ ಬರುವ ವ್ಯಾಪಾರ ಎಷ್ಟೆಂದು ನಿಮ್ಮ ಬಿಲ್ಲಿಂಗ್ ಲೆಕ್ಕದಲ್ಲೇ ನೋಡಿಕೊಳ್ಳಿ. ಒಣ ಸರಕನ್ನು ಒಂದು ತಿಂಗಳು ಮೊದಲೇ ಇಳಿಸಿದರೆ ಹಂಚುವವರಿಗೆ ಆತುರವಿರುವುದಿಲ್ಲ.

ಬಿಲ್ಲಿಂಗ್ ಎಂದ ಮೇಲೆ ಬಾರ್‌ಕೋಡಿನ ಮಾತು. ಮಾಮೂಲು 13 ಅಂಕಿಯ ಬಾರ್‌ಕೋಡಿನಲ್ಲಿ ದಿನಾಂಕವೇ ಇರುವುದಿಲ್ಲ. ಆದ್ದರಿಂದ ಎಷ್ಟು ಪ್ಯಾಕ್ ಉಳಿದಿದೆ ಎಂದು ನಿಮ್ಮ ಕಂಪ್ಯೂಟರಿಗೆ ಗೊತ್ತು, ಯಾವ ದಿನಾಂಕದ್ದು ಉಳಿದಿದೆ ಎಂದು ಗೊತ್ತಿಲ್ಲ. ಬಾರ್‌ಕೋಡುಗಳ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಜಿಎಸ್‌1 ಸಂಸ್ಥೆಯ ಚೌಕಾಕಾರದ ಕೋಡುಗಳಲ್ಲಿ ಇದಕ್ಕೆ ಜಾಗವಿದೆ: ಬೆಸ್ಟ್ ಬಿಫೋರ್‌ಗೆ 15, ಎಕ್ಸ್‌ಪೈರಿಗೆ 17, ಬ್ಯಾಚ್‌ಗೆ 10 ಎಂಬ ಗುರುತುಸಂಖ್ಯೆ. 2027ರ ಕೊನೆಯೊಳಗೆ ಅಂಗಡಿಗಳ ಸ್ಕ್ಯಾನರುಗಳು ಇವನ್ನು ಓದುವಂತಾಗಬೇಕು ಎಂಬುದು ಆ ಸಂಸ್ಥೆ ಹಾಕಿಕೊಂಡ ಗುರಿ. ಸ್ಕ್ಯಾನರ್ ಹೊಸದು ಕೊಳ್ಳುವುದಿದ್ದರೆ ಇದನ್ನು ಕೇಳಿಯೇ ಕೊಳ್ಳಿ. ಅಲ್ಲಿಯವರೆಗೆ ಪೆನ್ನು, ಪುಸ್ತಕ, ಕಣ್ಣು.

ಫ್ರೀಜ್ ಮಾಡುವುದು ಕೈಗೆ ಸಿಗುವ ಅತ್ಯುತ್ತಮ ಉಪಾಯ, ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಯೂಸ್ ಬೈ ಇರುವ ಮಾಂಸ, ಬೇಯಿಸಿದ ಊಟವನ್ನು ದಿನಾಂಕ ಮುಗಿಯುವುದರೊಳಗೆ ಮೈನಸ್ 18 ಡಿಗ್ರಿಗೆ ಇಳಿಸಿದರೆ ಅವಧಿ ಅಲ್ಲಿಗೆ ನಿಂತಂತೆ. ಆದರೆ ಚಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದಷ್ಟೇ. ದಿನಾಂಕ ಕಳೆದ ಮೇಲೆ ಫ್ರೀಜ್ ಮಾಡಿದರೆ ಪ್ರಯೋಜನವಿಲ್ಲ. ಇನ್ನೊಂದು ತಪ್ಪು, ಇಡೀ ಕ್ರೇಟನ್ನೇ ಹಾಗೆಯೇ ಫ್ರೀಜರಿಗೆ ನೂಕುವುದು. ಅಂಗಡಿಯ ಸಾಮಾನ್ಯ ಫ್ರೀಜರ್ ಹೆಪ್ಪುಗಟ್ಟಿದ್ದನ್ನು ಕಾಯಲು ಇರುವುದು, ಬೆಚ್ಚಗಿನದನ್ನು ಹೆಪ್ಪುಗಟ್ಟಿಸಲು ಅಲ್ಲ. ಇಪ್ಪತ್ತು ಕಿಲೋ ಒಟ್ಟಿಗೆ ಪೇರಿಸಿದರೆ ನಡುವಿನ ಪ್ಯಾಕು ಮರುದಿನವೂ ಗಟ್ಟಿಯಾಗಿರುವುದಿಲ್ಲ, ಅದರ ಬಿಸಿಗೆ ಪಕ್ಕದ ಹಳೆಯ ಸರಕೂ ಮೆತ್ತಗಾಗುತ್ತದೆ. 24 ಗಂಟೆಯಲ್ಲಿ ಎಷ್ಟು ಕಿಲೋ ಹೆಪ್ಪುಗಟ್ಟಿಸಬಲ್ಲದು ಎಂಬುದು ಹಲವು ಫ್ರೀಜರುಗಳ ಹಿಂದಿನ ತಗಡಿನ ಮೇಲೆ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ತುಂಬಬೇಡಿ. ಪ್ಯಾಕುಗಳನ್ನು ಒಂದೇ ಪದರದಲ್ಲಿ, ನಡುವೆ ಎರಡು ಬೆರಳಿನ ಸಂದು ಬಿಟ್ಟು ಹರಡಿ. ಮೂಲ ಲೇಬಲ್ ಕಾಣುವಂತಿರಲಿ, ಪಕ್ಕದಲ್ಲಿ ಫ್ರೀಜ್ ಮಾಡಿದ ದಿನ ಬರೆಯಿರಿ, 'ಕರಗಿದ 24 ಗಂಟೆಯೊಳಗೆ ಬಳಸಿ' ಎಂದೂ ಬರೆಯಿರಿ. ಬ್ರೆಡ್ಡು ಸೊಗಸಾಗಿ ಫ್ರೀಜ್ ಆಗುತ್ತದೆ. ಚಿಪ್ಪಿನ ಮೊಟ್ಟೆ, ಗಾಜಿನ ಬಾಟಲಿ ಸೀಳುತ್ತವೆ. ಮೊಸರು ನೀರೊಡೆಯುತ್ತದೆ, ಆದರೂ ಅಡುಗೆಗೆ ಆಗುತ್ತದೆ.

ಹಸ್ತಾಂತರದ ಹತ್ತು ನಿಮಿಷದಲ್ಲಿ ಎಲ್ಲ ಕೆಡಬಹುದು. ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾಕ್ಕೆ ಹಬ್ಬ; ಅನುಕೂಲ ಒದಗಿದರೆ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಅವುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರ ಎರಡು ಗಂಟೆ–ನಾಲ್ಕು ಗಂಟೆ ಲೆಕ್ಕ ಅನುಸರಿಸಲು ಸುಲಭ. ಈ ನಡುವಿನ ಶಾಖದಲ್ಲಿ ಒಟ್ಟು ಎರಡು ಗಂಟೆಯೊಳಗಿದ್ದರೆ ಮತ್ತೆ ಫ್ರಿಜ್ಜಿಗೆ ಇಡಬಹುದು, ಎರಡರಿಂದ ನಾಲ್ಕು ಗಂಟೆಯಾದರೆ ಕೂಡಲೇ ತಿನ್ನಬೇಕು, ನಾಲ್ಕು ದಾಟಿದರೆ ಎಸೆಯಬೇಕು. 'ಒಟ್ಟು' ಎಂಬುದನ್ನು ಗಮನಿಸಿ. ಪ್ಯಾಕಿಂಗ್ ಮೇಜಿನ ಮೇಲೆ ಕಳೆದ ಅರ್ಧ ಗಂಟೆ, ಬಾಗಿಲ ಬಳಿ ವ್ಯಾನಿಗೆ ಕಾದ ಮುಕ್ಕಾಲು ಗಂಟೆ, ದಾರಿಯ ಸಮಯ ಎಲ್ಲ ಕೂಡುತ್ತವೆ. ಅದಕ್ಕೇ ವ್ಯಾನ್ ಬಂದು ನಿಂತ ಮೇಲೆಯೇ ಕ್ರೇಟು ಕೋಲ್ಡ್ ರೂಮಿನಿಂದ ಹೊರಬರಬೇಕು.

ಅಳೆಯುವ ಬಗೆ ಹೀಗೆ: ಎರಡು ಪ್ಯಾಕುಗಳನ್ನು ಒತ್ತಿ ಹಿಡಿದು ನಡುವೆ ಥರ್ಮಾಮೀಟರಿನ ಕಡ್ಡಿ ಇಡಿ, ಅಂಕಿ ನಿಲ್ಲುವವರೆಗೆ ಕಾಯಿರಿ. 5 ಡಿಗ್ರಿ ಅಥವಾ ಕಡಿಮೆ ಬಂದರೆ ಸರಿ. ಹೆಚ್ಚು ಬಂದರೆ ಒಂದು ಪ್ಯಾಕಿಗೆ ಚುಚ್ಚಿ ಒಳಗಿನದನ್ನು ನೋಡಿ, ಆ ಪ್ಯಾಕನ್ನು ಲೆಕ್ಕದಿಂದ ತೆಗೆಯಿರಿ. ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು ಗಾಳಿಯ ಉಷ್ಣಾಂಶ, ಆಹಾರದ್ದಲ್ಲ. ಥರ್ಮಾಮೀಟರನ್ನೇ ನಂಬಬಹುದೇ ಎಂದು ವಾರಕ್ಕೊಮ್ಮೆ ಪರೀಕ್ಷಿಸಿ. ಪುಡಿಮಾಡಿದ ಐಸನ್ನು ಲೋಟದ ತುಂಬ ಹಾಕಿ, ಮುಳುಗುವಷ್ಟು ತಣ್ಣೀರು ಸುರಿದು, ಕಲಕಿ, ಕಡ್ಡಿಯನ್ನು ನಡುವೆ ಹಿಡಿದರೆ ಸೊನ್ನೆ ತೋರಿಸಬೇಕು. ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆಯಾದರೆ ಸರಿಮಾಡಿಸಿ ಅಥವಾ ಬದಲಿಸಿ.

ಪ್ರತಿ ಹಸ್ತಾಂತರಕ್ಕೂ ಚೀಟಿ ಬರೆಯುವುದು ಯಾರಿಗೂ ಇಷ್ಟವಿಲ್ಲದ ಕೆಲಸ, ಆದರೆ ಬಿಡುವಂತಿಲ್ಲ. ಪದಾರ್ಥ, ತೂಕ, ಬ್ಯಾಚ್ ನಂಬರ್, ದಿನಾಂಕ ಮತ್ತು ಅದರ ಬಗೆ, ಕೊಟ್ಟಾಗಿನ ಉಷ್ಣಾಂಶ, ಗಂಟೆ, ಎರಡೂ ಕಡೆಯ ಸಹಿ. ನಾಳೆ ತಯಾರಕರು ಒಂದು ಬ್ಯಾಚನ್ನು ವಾಪಸ್ ಕರೆದರೆ ಆ ಚೀಟಿಯೊಂದೇ ದಾರಿ. ದಾನದ ಪ್ಯಾಕು ಬಿಲ್ಲಿಂಗ್ ಕೌಂಟರಿಗೆ ಹಿಂತಿರುಗಿ ಬಂದು ಹಣ ಕೇಳೀತು ಎಂಬ ಭಯದಿಂದ ಕೆಲವರು ಬ್ಲೇಡಿನಿಂದ ಬಾರ್‌ಕೋಡ್ ಕೆರೆಯುತ್ತಾರೆ, ಪ್ಯಾಕು ತೂತಾಗುತ್ತದೆ. ಇನ್ನು ಕೆಲವರು ಬ್ರ್ಯಾಂಡ್ ಕಾಣದಿರಲೆಂದು ಲೇಬಲ್ಲಿಗೇ ಕಪ್ಪು ಬಳಿಯುತ್ತಾರೆ, ಅದರಡಿ ಕಡಲೆಬೀಜ, ಹಾಲು, ಗೋಧಿಯ ಅಲರ್ಜಿ ಎಚ್ಚರಿಕೆಯೂ ಅಳಿಸಿಹೋಗುತ್ತದೆ. ಬಾರ್‌ಕೋಡಿನ ಮೇಲಷ್ಟೇ 'ಮಾರಾಟಕ್ಕಲ್ಲ' ಎಂಬ ಮುದ್ರೆ ಒತ್ತಿದರೆ ಕೆಲಸ ಮುಗಿಯಿತು.

ದಾನ ಕೊಟ್ಟ ದನದ ಹಲ್ಲು ಎಣಿಸಬಾರದು ಎನ್ನುತ್ತಾರೆ. ಆಹಾರದಲ್ಲಿ ಎಣಿಸಲೇಬೇಕು. ಪಡೆಯುವವರಿಗೆ ಬೇಡವೆನ್ನುವ ಹಕ್ಕು ಒಪ್ಪಂದದಲ್ಲೇ ಇರಲಿ. ರಜೆಯ ಹಿಂದಿನ ಸಂಜೆ ನಾಲ್ಕು ಅಂಗಡಿಗಳಿಂದ ಒಟ್ಟಿಗೆ ಕೇಕು, ಬ್ರೆಡ್ಡಿನ ರಾಶಿ ಬಂದು ಬಿದ್ದರೆ ಅದನ್ನು ಕಸಕ್ಕೆ ಸಾಗಿಸುವ ಖರ್ಚು ಮಾತ್ರ ಅವರದಾಗುತ್ತದೆ. ನಿಮ್ಮ ಕಸ ಅವರ ಕಸವಾಯಿತೇ ಹೊರತು ಕಡಿಮೆಯಾಗಲಿಲ್ಲ. ಸ್ಟಾಕ್ ಲೆಕ್ಕದಲ್ಲಿ 'ಡ್ಯಾಮೇಜ್' ಎಂಬ ಒಂದೇ ಕಾಲಮ್ಮಿನಲ್ಲಿ ದಾನವನ್ನೂ ತುರುಕಬೇಡಿ, ಬೇರೆ ಕೋಡ್ ಕೊಡಿ. ಮೂರು ತಿಂಗಳ ಅಂಕಿ ನೋಡಿದರೆ ಯಾವ ಸರಕನ್ನು ಅತಿಯಾಗಿ ತರಿಸುತ್ತಿದ್ದೀರಿ ಎಂಬುದು ತಾನಾಗಿ ಕಾಣುತ್ತದೆ. ದಾನದ ತೂಕ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದನ್ನು ಜಾಹೀರಾತು ಮಾಡಿಕೊಳ್ಳುವ ಅಂಗಡಿಗಳಿವೆ. ನಮ್ಮ ಕಣ್ಣಿಗೆ ಅದು ಔದಾರ್ಯಕ್ಕಿಂತ ಹೆಚ್ಚಾಗಿ ಕೆಟ್ಟ ಆರ್ಡರಿನ ಲಕ್ಷಣ.

"ಯಾರಿಗಾದರೂ ಏನಾದರೂ ಆದರೆ ಕೇಸು ನಮ್ಮ ಮೇಲೆ" ಎಂಬ ಅಂಜಿಕೆ ಸುಳ್ಳಲ್ಲ. ಅಮೆರಿಕ 1996ರಲ್ಲೇ ಸಂಸದ ಬಿಲ್ ಎಮರ್ಸನ್ ಹೆಸರಿನ ಕಾಯ್ದೆ ತಂದು, ಒಳ್ಳೆಯ ಉದ್ದೇಶದಿಂದ ಕೊಟ್ಟವರಿಗೆ ರಕ್ಷಣೆ ಒದಗಿಸಿತು. ಘೋರ ನಿರ್ಲಕ್ಷ್ಯಕ್ಕೆ, ಬೇಕೆಂದೇ ಮಾಡಿದ ಅಪರಾಧಕ್ಕೆ ಮಾತ್ರ ಅಲ್ಲಿ ರಕ್ಷಣೆಯಿಲ್ಲ. ಫ್ರಾನ್ಸ್ 2016ರ ಫೆಬ್ರುವರಿಯಲ್ಲಿ ಇನ್ನೂ ಮುಂದೆ ಹೋಗಿ, 400 ಚದರ ಮೀಟರಿಗಿಂತ ದೊಡ್ಡ ಸೂಪರ್ ಮಾರ್ಕೆಟ್‌ಗಳು ದಾನ ಪಡೆಯುವ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳಲೇಬೇಕು ಎಂದಿತು. ತಿನ್ನಬಹುದಾದ ಆಹಾರವನ್ನು ಬೇಕೆಂದೇ ಕೆಡಿಸುವುದನ್ನೂ ನಿಷೇಧಿಸಿತು. ಕಸದ ಡಬ್ಬಿಯಿಂದ ಯಾರೂ ಆಯ್ದು ತಿನ್ನದಿರಲೆಂದು ಬ್ಲೀಚ್ ಸುರಿಯುವ ಅಭ್ಯಾಸಕ್ಕೆ ಇದು ಉತ್ತರ. ಅಪಾಯಕಾರಿ ಸರಕಿದ್ದರೆ ಡಬ್ಬಿಗೆ ಬೀಗ ಹಾಕಿ. ವಿಷ ಹಾಕುವುದು ಬೇಡ.

ನಿಯಮ ಬರೆಯುವ ಅಧಿಕಾರಿಗಳಲ್ಲಿ ನಮ್ಮ ಕೇಳಿಕೆ ದೊಡ್ಡದೇನಲ್ಲ. ಲೇಬಲ್ಲಿನಲ್ಲಿ ಎರಡೇ ಬಗೆಯ ದಿನಾಂಕ ಇರಲಿ, ಯಾವುದು ಯಾವುದೆಂದು ಅಕ್ಷರದಲ್ಲಿ ಇರಲಿ, ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆಯಲಿ. ಬೆಸ್ಟ್ ಬಿಫೋರ್ ಕಳೆದ ಸರಕಿನ ದಾನಕ್ಕೆ ಅನುಮತಿಯನ್ನು ಷರತ್ತು ಸಮೇತ ಸ್ಪಷ್ಟವಾಗಿ ಬರೆಯಿರಿ. ಒಳ್ಳೆಯ ಉದ್ದೇಶದ ದಾನಿಗೆ ಕಾನೂನಿನ ರಕ್ಷಣೆ ಕೊಡಿ, ಆದರೆ ಉಷ್ಣಾಂಶದ ದಾಖಲೆ ಇಟ್ಟವರಿಗೆ ಮಾತ್ರ. ಎಸೆಯುವುದು ಕೊಡುವುದಕ್ಕಿಂತ ಅಗ್ಗವಾಗಿರುವವರೆಗೆ ಉಪದೇಶದಿಂದ ಏನೂ ಆಗದು. ಕಸದ ಶುಲ್ಕ ತೂಕಕ್ಕೆ ತಕ್ಕಂತಿರಲಿ, ದಾನಕ್ಕೆ ತೆರಿಗೆಯಲ್ಲಿ ನಷ್ಟವಾಗದಿರಲಿ.

ಇಷ್ಟೆಲ್ಲ ಮಾಡಿದರೂ ಎಸೆಯಬೇಕಾದದ್ದು ಉಳಿಯುತ್ತದೆ. ಸೊಪ್ಪು, ತರಕಾರಿ, ಬೂಷ್ಟಿಲ್ಲದ ಬ್ರೆಡ್ಡು ಕಾನೂನು ಒಪ್ಪುವ ಕಡೆ ದನಕರುಗಳಿಗೆ ಹೋಗಬಹುದು. ಮಾಂಸ ತಾಗಿದ್ದು ಹೋಗಬಾರದು. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹಬ್ಬಿದ್ದಕ್ಕೆ ಸರಿಯಾಗಿ ಬೇಯಿಸದ ಮುಸುರೆಯನ್ನು ಹಂದಿಗಳಿಗೆ ಹಾಕಿದ್ದೇ ಮೂಲವೆಂದು ತನಿಖೆ ಹೇಳಿತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಉಳಿದದ್ದು ಬಯೋಗ್ಯಾಸ್‌ಗೆ, ಗೊಬ್ಬರಕ್ಕೆ ಹೋಗಲಿ, ಪ್ಲಾಸ್ಟಿಕ್ ಬಿಡಿಸಿದ ಮೇಲೆ. ಗುಂಡಿಯಲ್ಲಿ ಹೂತರೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹೊಮ್ಮುತ್ತದೆ.

ಒಂದೇ ಬಾರಿಗೆ ಎಲ್ಲ ವಿಭಾಗದಲ್ಲೂ ಶುರುಮಾಡಬೇಡಿ. ಬ್ರೆಡ್ಡು ಮತ್ತು ಒಣ ಸರಕಿನಿಂದ ಆರಂಭಿಸಿ, ಅವುಗಳನ್ನು ಉದ್ದಕ್ಕೂ ತಣ್ಣಗಿಟ್ಟೇ ಸಾಗಿಸಬೇಕಿಲ್ಲ. ಪಡೆಯುವವರೊಂದಿಗೆ ವಾರದ ಯಾವ ದಿನ, ಎಷ್ಟು ಗಂಟೆಗೆ, ಗರಿಷ್ಠ ಎಷ್ಟು ಕಿಲೋ ಎಂದು ಮೊದಲೇ ಬರೆದುಕೊಳ್ಳಿ. ಪ್ರತಿ ಶಿಫ್ಟಿನಲ್ಲಿ ಒಬ್ಬರ ಹೆಸರು ಹೇಳಿ ಜವಾಬ್ದಾರಿ ಕೊಡಿ. ಒಂದು ತಿಂಗಳು ಚೀಟಿಗಳು ತಪ್ಪದೆ ತುಂಬಿದ ಮೇಲೆ ಹಾಲು, ಮೊಸರು. ಥರ್ಮಾಮೀಟರ್ ಹಿಡಿಯುವುದು ಎಲ್ಲರಿಗೂ ರೂಢಿಯಾದ ಮೇಲೆ ಮಾಂಸ, ಮೀನು. ಬೇಯಿಸಿದ ಊಟ ಕೊನೆಗೆ, ಅದೂ ಪಡೆಯುವವರ ಅಡುಗೆಮನೆ, ಫ್ರೀಜರನ್ನು ಕಣ್ಣಾರೆ ನೋಡಿ ಬಂದ ಮೇಲೆ.

ಇಂತಿ,
ಉಳಿದ ಆಹಾರ ಸಂಗ್ರಹಿಸಿ ಹಂಚುವ ಕೆಲಸದವರು